ಸಮಾಜವೇ ನಮ್ಮನ್ನ ರೂಪಿಸೋದಾದ್ರೆ ಹೊಸದು ಎಲ್ಲಿಂದ ಬರುತ್ತೆ?

ಪ್ರಶ್ನೆ: ನಾನು ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡ್ತಿದೀನಿ. ಸ್ಟ್ರಕ್ಚರ್ (ನಮ್ಮನ್ನ ರೂಪಿಸೋ ಸಾಮಾಜಿಕ ವ್ಯವಸ್ಥೆ), ಏಜೆನ್ಸಿ (ನಾವೇ ಯೋಚಿಸಿ ಮಾಡೋ ಶಕ್ತಿ) ಬಗ್ಗೆ ಓದ್ತಾ ಓದ್ತಾ ಒಂದು ಕಡೆ ಸಿಕ್ಕಾಕ್ಕೊಂಡಿದೀನಿ. ನಮ್ಮ ಆಸೆ, ರುಚಿ, ಯೋಚನೆ ಎಲ್ಲಾ ಸಮಾಜ ಕೊಟ್ಟಿದ್ದೇ ಆದ್ರೆ ಹೊಸದು ಅನ್ನೋದು ಎಲ್ಲಿಂದ ಬರುತ್ತೆ? ಬ್ರಿಟಿಷ್ ಸಮಾಜಶಾಸ್ತ್ರಜ್ಞ ಗಿಡೆನ್ಸ್ ಸ್ಟ್ರಕ್ಚರ್, ಏಜೆನ್ಸಿ ಎರಡನ್ನೂ ಒಂದೇ ನಾಣ್ಯದ ಎರಡು ಮುಖ ಅನ್ನೋ ಹಾಗೆ ಮಾತಾಡ್ತಾರೆ, ಅದು ಉತ್ತರಾನಾ ಇಲ್ಲ ಜಾರ್ಕೊಳ್ಳೋ ದಾರಿನಾ? ಒಬ್ಬ ವ್ಯಕ್ತಿ ಮಾಡೋದಕ್ಕೆ ನಿಜವಾಗ್ಲೂ ಏನಾದ್ರೂ ತೂಕ ಇದೆಯಾ? ಕೊನೇದಾಗಿ, ಡಿಸರ್ಟೇಶನ್ನಿನ ಥಿಯರಿ ಅಧ್ಯಾಯಕ್ಕೆ ಯಾರನ್ನ ಹಿಡ್ಕೊಳ್ಳಲಿ?

ಉತ್ತರ: ಗಿಡೆನ್ಸ್ ಬಗ್ಗೆ ನಿಮಗೆ ಬಂದಿರೋ ಅನುಮಾನ ಸರಿಯಾಗೇ ಇದೆ, ಅದನ್ನ ಬಿಟ್ಟುಕೊಡಬೇಡಿ. ಆದ್ರೆ ಅವರನ್ನ ಬದಿಗಿಡೋಕೆ ಮುಂಚೆ ಅವರು ಯಾವ ಗಂಟು ಬಿಚ್ಚೋಕೆ ಹೊರಟಿದ್ರು ಅಂತ ನೋಡ್ಬೇಕು, ಯಾಕಂದ್ರೆ ಆ ಗಂಟು ತುಂಬಾ ಹಳೇದು. ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕೈಮ್ 1895ರಲ್ಲಿ, ಸಮಾಜದ ಸಂಗತಿಗಳು ವ್ಯಕ್ತಿಯ ಹೊರಗಿರ್ತವೆ ಮತ್ತೆ ಅವನ ಮೇಲೆ ಒತ್ತಡ ಹಾಕ್ತವೆ ಅಂದ್ರು. ನಾವು ಆಡೋ ಭಾಷೆ, ಬಳಸೋ ನಾಣ್ಯ, ಪಾಲಿಸೋ ಕಾನೂನು ಇವೆಲ್ಲಾ ನಾವು ಹುಟ್ಟೋ ಮುಂಚೆನೇ ಇದ್ವು, ನಾವು ಹೋದ್ಮೇಲೂ ಇರ್ತವೆ, ಬೇಡ ಅಂದ್ರೆ ಹೋಗಲ್ಲ. ಇನ್ನೊಂದು ಕಡೆ ಜರ್ಮನಿಯ ವೇಬರ್, ಸಮಾಜ ಅನ್ನೋದು ಕೊನೆಗೆ ಮನುಷ್ಯರು ಅರ್ಥ ಇಟ್ಕೊಂಡು ಮಾಡೋ ಕೆಲಸಗಳೇ, ಆ ಅರ್ಥ ಹಿಡಿದ ಹೊರತು ಯಾವ ವಿವರಣೆಯೂ ಪೂರ್ತಿ ಆಗಲ್ಲ ಅಂದ್ರು. ಮಾರ್ಕ್ಸ್ ಇವರಿಬ್ಬರಿಗಿಂತ ಮುಂಚೆನೇ, 1852ರಲ್ಲಿ, ಲೂಯಿ ಬೊನಪಾರ್ಟನ ಕ್ಷಿಪ್ರಕ್ರಾಂತಿ ಬಗ್ಗೆ ಬರೀತಾ, ಮನುಷ್ಯರು ತಮ್ಮ ಚರಿತ್ರೆನ ತಾವೇ ಮಾಡ್ತಾರೆ ಆದ್ರೆ ತಾವೇ ಆರಿಸ್ಕೊಂಡ ಪರಿಸ್ಥಿತಿಯಲ್ಲಿ ಮಾಡಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು. ಆ ಒಂದು ವಾಕ್ಯದ ಮೊದಲ ಅರ್ಧನ ಕೆಲವರು ಹಿಡ್ಕೊಂಡ್ರು, ಎರಡನೇ ಅರ್ಧನ ಇನ್ನು ಕೆಲವರು ಹಿಡ್ಕೊಂಡ್ರು, ಇಪ್ಪತ್ತನೇ ಶತಮಾನದ ಸೋಷಿಯಲ್ ಥಿಯರಿ ಬಹುಪಾಲು ಈ ಜಗ್ಗಾಟದಲ್ಲೇ ಕಳೀತು ಅಂದ್ರೂ ತಪ್ಪಿಲ್ಲ.

ಗಿಡೆನ್ಸ್ 1984ರ ಪುಸ್ತಕದಲ್ಲಿ ಮಾಡಿದ್ದು ಏನಂದ್ರೆ ಈ ಜಗ್ಗಾಟದ ಹಗ್ಗಾನೇ ಕತ್ತರಿಸೋ ಪ್ರಯತ್ನ. ಸ್ಟ್ರಕ್ಚರ್ ಅಂದ್ರೆ ಗೋಡೆ ಥರ ಹೊರಗೆ ನಿಂತಿರೋ ವಸ್ತು ಅಂತ ನೋಡಬೇಡಿ, ಅದು ನಿಯಮಗಳು ಮತ್ತು ಸಂಪನ್ಮೂಲಗಳು, ಜನ ಬಳಸಿದಾಗ ಮಾತ್ರ ಅದಕ್ಕೆ ಜೀವ ಬರುತ್ತೆ, ಬಳಸದೇ ಇದ್ದಾಗ ಅದು ಜನರ ನೆನಪಲ್ಲಿ ಗುರುತಾಗಿ ಮಾತ್ರ ಇರುತ್ತೆ ಅಂದ್ರು. ನಾನು ವ್ಯಾಕರಣ ಬಳಸಿ ಒಂದು ವಾಕ್ಯ ಹೇಳ್ತೀನಿ, ಹೇಳೋದ್ರಿಂದಾನೇ ಆ ವ್ಯಾಕರಣ ಇನ್ನೊಂದು ದಿನ ಬದುಕುತ್ತೆ, ನನಗೆ ಆ ಉದ್ದೇಶ ಇರಲೇ ಇಲ್ಲ. ಸ್ಟ್ರಕ್ಚರ್ ನಮ್ಮನ್ನ ತಡೆಯೋದು ಎಷ್ಟು ನಿಜಾನೋ ನಮಗೆ ಮಾಡೋ ಶಕ್ತಿ ಕೊಡೋದೂ ಅಷ್ಟೇ ನಿಜ ಅನ್ನೋದು ಅವರ ದೊಡ್ಡ ಮಾತು. ಜೊತೆಗೆ ಇನ್ನೂ ಒಂದು ಇದೆ, ನನಗೆ ಇವತ್ತಿಗೂ ಬೆಲೆಬಾಳೋದು ಅನ್ಸೋದು ಅದು: ಜನರಿಗೆ ತಾವು ಬದುಕ್ತಿರೋ ಸಮಾಜದ ಬಗ್ಗೆ ಅಪಾರ ತಿಳುವಳಿಕೆ ಇರುತ್ತೆ, ಬಾಯಲ್ಲಿ ಹೇಳೋಕೆ ಬರದೇ ಇದ್ರೂ ನಡ್ಕೊಳ್ಳೋಕೆ ಬರುತ್ತೆ. ಥಿಯರಿ ಬರೆಯೋರು ಜನರನ್ನ ಏನೂ ಗೊತ್ತಿಲ್ಲದ ಗೊಂಬೆಗಳು ಅಂತ ನೋಡೋದಕ್ಕೆ ಇದು ಒಳ್ಳೇ ಏಟು. ಅಧಿಕಾರ ಇಲ್ಲದವನ ಹತ್ರಾನೂ ಏನೋ ಒಂದು ಪಟ್ಟು ಇರುತ್ತೆ, ಪೂರ್ತಿ ಕೈಕಟ್ಟಿ ಕೂತ ಮನುಷ್ಯ ಅನ್ನೋನು ಬಹಳ ಅಪರೂಪ ಅಂತಾನೂ ಅವರು ಹೇಳ್ತಾರೆ.

ಇಷ್ಟೆಲ್ಲಾ ಸರಿ, ಆದ್ರೆ ನಿಮಗೆ ಜಾರ್ಕೊಂಡ ಹಾಗೆ ಅನ್ಸಿದ್ದು ಎಲ್ಲಿ ಅಂತ ನನಗೆ ಗೊತ್ತು. ಎರಡೂ ಒಟ್ಟಿಗೇ, ಒಂದೇ ಕ್ಷಣದಲ್ಲಿ, ಒಂದರೊಳಗೊಂದು ಅಂತ ಹೇಳಿಬಿಟ್ರೆ ಯಾವುದು ಯಾವುದರ ಮೇಲೆ ಎಷ್ಟು ಕೆಲಸ ಮಾಡ್ತು ಅಂತ ಬಿಡಿಸಿ ನೋಡೋಕೆ ಜಾಗಾನೇ ಇರಲ್ಲ. ಒಂದು ದೇಶದಲ್ಲಿ ನಿಯಮ ಬದಲಾಯ್ತು, ಇನ್ನೊಂದರಲ್ಲಿ ಆಗಲಿಲ್ಲ, ಯಾಕೆ ಅಂತ ಕೇಳಿದ್ರೆ ಎರಡಕ್ಕೂ ಒಂದೇ ಉತ್ತರ ಬರುತ್ತೆ. ಈ ತಕರಾರನ್ನ ತುಂಬಾ ಹರಿತವಾಗಿ ಎತ್ತಿದೋರು ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಮಾರ್ಗರೆಟ್ ಆರ್ಚರ್, 1982ರ ಒಂದು ಲೇಖನದಲ್ಲಿ ಶುರು ಮಾಡಿ 1995ರ ಪುಸ್ತಕದಲ್ಲಿ ಪೂರ್ತಿ ಕಟ್ಟಿದ್ರು. ಅವರ ವಾದದ ತಿರುಳು ಒಂದೇ, ಕಾಲ. ನಾವು ಕೆಲಸ ಶುರು ಮಾಡೋ ಹೊತ್ತಿಗೆ ಒಂದು ಸ್ಟ್ರಕ್ಚರ್ ಆಗ್ಲೇ ಇರುತ್ತೆ, ಅದನ್ನ ಮಾಡಿದೋರು ನಾವಲ್ಲ, ನಮಗಿಂತ ಹಿಂದಿನೋರು, ಅವರಲ್ಲಿ ಎಷ್ಟೋ ಜನ ಸತ್ತೂ ಹೋಗಿರ್ತಾರೆ. ಅದರೊಳಗೆ ನಿಂತು ನಾವು ಒದ್ದಾಡ್ತೀವಿ, ಚೌಕಾಸಿ ಮಾಡ್ತೀವಿ, ಜಗಳ ಆಡ್ತೀವಿ. ಆಮೇಲೆ ಒಂದು ಫಲಿತಾಂಶ ಬರುತ್ತೆ, ಹಳೇ ಸ್ಟ್ರಕ್ಚರ್ ಹಾಗೇ ಉಳ್ಕೊಂಡಿರಬಹುದು, ಇಲ್ಲಾ ಬದಲಾಗಿರಬಹುದು, ಬದಲಾದ್ರೆ ಅದು ಬಹುತೇಕ ಯಾರೂ ಬಯಸಿದ ಹಾಗೆ ಇರಲ್ಲ. ಮುಂದಿನೋರಿಗೆ ಅದೇ ಆರಂಭದ ಪರಿಸ್ಥಿತಿ. ಈ ಸುತ್ತನ್ನ ಅವರು ಮಾರ್ಫೋಜೆನೆಸಿಸ್ ಅಂತ ಕರೆದ್ರು, ಹೆಸರು ಭಾರ ಆದ್ರೂ ವಿಷಯ ಸರಳ.

ಅವರು ಕೊಡೋ ಉದಾಹರಣೆಗಳಲ್ಲಿ ಅಕ್ಷರ ಕಲಿಸೋದು ನನಗೆ ತುಂಬಾ ಇಷ್ಟ, ಕ್ಯೂಬಾದಲ್ಲಿ ಕ್ರಾಂತಿ ಆದ್ಮೇಲಿನ ಸಾಕ್ಷರತೆ ಕೆಲಸ ನೆನಪಲ್ಲಿಟ್ಕೊಂಡು ಅವರು ಅದನ್ನ ಬಿಡಿಸ್ತಾರೆ. ಒಬ್ಬೊಬ್ಬ ಅಕ್ಷರಸ್ಥ ಒಂದು ವರ್ಷಕ್ಕೆ ಒಬ್ಬೊಬ್ಬರಿಗೆ ಕಲಿಸಲಿ ಅಂತ ಸರ್ಕಾರ ಹೇಳ್ತು ಅಂದ್ಕೊಳ್ಳಿ (ಲೆಕ್ಕ ನಾನೇ ಮಾಡ್ತೀನಿ). ಶುರುವಿನಲ್ಲಿ 100ಕ್ಕೆ 50 ಜನ ಓದಬಲ್ಲೋರಾಗಿದ್ರೆ ಒಂದೇ ವರ್ಷದಲ್ಲಿ ಕೆಲಸ ಮುಗೀತು. 100ಕ್ಕೆ 5 ಜನ ಮಾತ್ರ ಇದ್ರೆ 10, 20, 40, 80 ಅಂತ ಏರ್ತಾ ಐದು ವರ್ಷ ಹಿಡಿಯುತ್ತೆ. ನೀತಿ ಒಂದೇ, ಉತ್ಸಾಹ ಒಂದೇ, ಕಷ್ಟಪಡೋ ಜನರೂ ಅಷ್ಟೇ ಪ್ರಾಮಾಣಿಕರು, ಆದ್ರೂ ಕಾಲದ ಅಂತರ ಐದು ಪಟ್ಟು, ಆ ಅಂತರಕ್ಕೆ ಕಾರಣ ಇವತ್ತಿನ ಯಾರೂ ಅಲ್ಲ, ಹಿಂದಿನ ಆಡಳಿತ ಯಾರಿಗೆ ಶಾಲೆ ಕೊಟ್ಟಿತ್ತು ಯಾರಿಗೆ ಕೊಟ್ಟಿರಲಿಲ್ಲ ಅನ್ನೋದು. ಗಿಡೆನ್ಸ್ ಮಾತಲ್ಲಿ ಇದನ್ನ ಯಾರ ನೆನಪಿನ ಗುರುತು ಅಂತ ಹೇಳ್ತೀರಿ? ಎಲ್ಲರೂ ಒಟ್ಟಿಗೆ ಮನಸ್ಸು ಬದಲಾಯಿಸಿದ್ರೂ ಅದು ನಾಳೆ ಬೆಳಿಗ್ಗೆ ಮಾಯ ಆಗಲ್ಲ. ಜನಸಂಖ್ಯೆಯ ವಯಸ್ಸಿನ ಹಂಚಿಕೆನೂ ಹಾಗೇ, ಇವತ್ತೇ ಎಲ್ಲರೂ ಹೆಚ್ಚು ಮಕ್ಕಳು ಮಾಡ್ಕೊಳ್ಳೋಕೆ ತೀರ್ಮಾನ ಮಾಡಿದ್ರೂ ವಯಸ್ಸಾದೋರೇ ಜಾಸ್ತಿ ಇರೋ ಸಮಾಜ ದಶಕಗಟ್ಟಲೆ ಹಾಗೇ ಇರುತ್ತೆ. ಕ್ಯೂಬಾ 1961ರಲ್ಲಿ ನಿಜವಾಗಿ ಮಾಡಿದ್ದು ಬೇರೆ ದಾರಿ, 1 ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನ ಹಳ್ಳಿಗಳಿಗೆ ಕಳಿಸಿ ಒಂದೇ ವರ್ಷದಲ್ಲಿ ಸುಮಾರು 7 ಲಕ್ಷ ಜನಕ್ಕೆ ಓದೋಕೆ ಬರೆಯೋಕೆ ಕಲಿಸಿದ್ರು. ಆದ್ರೆ ಅದು ಸಾಧ್ಯ ಆಗಿದ್ದು ಕೂಡ ಅಷ್ಟು ಜನ ಅಕ್ಷರ ಬಲ್ಲ ಯುವಕರು ಪಟ್ಟಣಗಳಲ್ಲಿ ಆಗ್ಲೇ ಇದ್ದಿದ್ರಿಂದ.

ನನ್ನ ನಿಲುವು ಇಲ್ಲೇ ಹೇಳಿಬಿಡ್ತೀನಿ. ಸ್ಟ್ರಕ್ಚರ್ ದೊಡ್ಡದಾ ಏಜೆನ್ಸಿ ದೊಡ್ಡದಾ ಅನ್ನೋ ಪ್ರಶ್ನೆಗೆ ಉತ್ತರ ಸಿಗಲ್ಲ, ಸಿಕ್ಕರೂ ಅದರಿಂದ ಏನೂ ಗೊತ್ತಾಗಲ್ಲ. ಯಾವಾಗ, ಯಾರ ಹತ್ರ ಏನಿತ್ತು, ಎಲ್ಲಿಂದ ತಂದು ಎಲ್ಲಿಗೆ ಹಾಕಿದ್ರು ಅಂತ ಕೇಳಿದ್ರೆ ಮಾತ್ರ ವಿವರಣೆ ಹುಟ್ಟುತ್ತೆ. ಕಾಲದ ವಿಷಯ ಆರ್ಚರ್ ಕೊಟ್ರು. "ಎಲ್ಲಿಂದ ತಂದು ಎಲ್ಲಿಗೆ" ಅನ್ನೋದು ಕೊಟ್ಟಿದ್ದು ಚರಿತ್ರಕಾರ ವಿಲಿಯಂ ಸೀವೆಲ್, ಅವರಿಗೆ ಬರ್ತೀನಿ, ಅದಕ್ಕೂ ಮುಂಚೆ ನಿಮ್ಮ ಮೊದಲ ಪ್ರಶ್ನೆಯಲ್ಲಿರೋ ನಿಜವಾದ ನೋವು, ಅಂದ್ರೆ ನಮ್ಮ ಆಸೆಗಳೂ ನಮ್ಮವಲ್ಲ ಅನ್ನೋದು, ಅದಕ್ಕೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೋರ್ದ್ಯೂ ಬೇಕು.

ಬೋರ್ದ್ಯೂ ಹೇಳೋ ಹ್ಯಾಬಿಟಸ್ ಅನ್ನೋದನ್ನ ಎಷ್ಟೋ ಜನ ಜೈಲಿನ ಥರ ಓದ್ತಾರೆ. ಬಾಲ್ಯದಲ್ಲಿ ಮೈಗೆ ಇಳಿದ ಒಲವುಗಳು, ಕೂರೋ ನಿಲ್ಲೋ ರೀತಿ, ಏನು ಇಷ್ಟ ಏನು ಅಸಹ್ಯ, ನನ್ನಂಥೋರಿಗೆ ಇದು ಸಿಗುತ್ತಾ ಇಲ್ವಾ ಅನ್ನೋ ಅಂದಾಜು, ಇವೆಲ್ಲಾ ಸೇರಿ ಹ್ಯಾಬಿಟಸ್, ಅದು ತಾನು ಹುಟ್ಟಿದ ಪರಿಸ್ಥಿತಿಯನ್ನೇ ಮತ್ತೆ ಹುಟ್ಟಿಸುತ್ತೆ. ಹಾಗಾದ್ರೆ ಬದಲಾವಣೆ ಎಲ್ಲಿ? ಅವರದೇ ಒಂದು ಹಳೇ ಅಧ್ಯಯನ ನೋಡಿ, 1962ರಲ್ಲಿ ಪ್ರಕಟ ಆಗಿದ್ದು, ನೈರುತ್ಯ ಫ್ರಾನ್ಸಿನ ಬೆಯಾರ್ನ್ ಪ್ರದೇಶದ ರೈತರ ಬಗ್ಗೆ, ಅದು ಅವರು ಹುಟ್ಟಿ ಬೆಳೆದ ಸೀಮೆ. ಅಲ್ಲಿ ಜಮೀನು ಒಡೀಬಾರದು ಅಂತ ದೊಡ್ಡ ಮಗನಿಗೇ ಆಸ್ತಿ ಹೋಗ್ತಿತ್ತು, ಆದ್ದರಿಂದ ದೊಡ್ಡ ಮಗನೇ ಮದುವೆ ಮಾರುಕಟ್ಟೆಯಲ್ಲಿ ಮೊದಲ ದರ್ಜೆ ವರ, ಮದುವೆ ಇಲ್ಲದೆ ಉಳಿಯೋದು ಇದ್ರೆ ಕಿರಿಯ ಮಕ್ಕಳು. ಬೋರ್ದ್ಯೂ ಹೋಗಿ ನೋಡೋ ಹೊತ್ತಿಗೆ ಅದು ತಲೆಕೆಳಗಾಗಿತ್ತು. ಹಳ್ಳಿಯ ಕ್ರಿಸ್‌ಮಸ್ ನೃತ್ಯದ ರಾತ್ರಿ ನಡುವಯಸ್ಸಿನ ಗಂಡಸರು, ಜಮೀನಿರೋ ವಾರಸುದಾರರು, ಕುಣಿಯೋ ಜಾಗದ ಅಂಚಲ್ಲಿ ಸುಮ್ನೆ ನಿಂತು ನೋಡ್ತಿದ್ರು, ಕುಣಿಯೋಕೆ ಹೋಗ್ತಿರಲಿಲ್ಲ, ಅವರಿಗೆ ಮದುವೆ ಆಗಿರಲಿಲ್ಲ, ಆಗೋ ಹಾಗೂ ಇರಲಿಲ್ಲ. ಯಾಕಂದ್ರೆ ಹುಡುಗಿಯರು ಪಟ್ಟಣದ ಕೆಲಸ, ಪಟ್ಟಣದ ಬಟ್ಟೆ, ಪಟ್ಟಣದ ಮಾತಿನ ರೀತಿ ನೋಡಿದ್ರು, ಆ ಕಣ್ಣಿಂದ ನೋಡಿದಾಗ ಈ ರೈತನ ನಡಿಗೆ, ಭಾರವಾದ ಮೈ, ಕೈ ಎಲ್ಲಿಡಬೇಕು ಗೊತ್ತಾಗದ ಮುಜುಗರ ಎಲ್ಲಾ ಕಾಣ್ತಿತ್ತು. ಕೆಟ್ಟ ವಿಷಯ ಏನಂದ್ರೆ ಆ ಗಂಡಸರಿಗೂ ತಮ್ಮ ಮೈ ಅದೇ ಕಣ್ಣಿಂದ ಕಾಣೋಕೆ ಶುರು ಆಗಿತ್ತು. ನನಗೆ ಸಮಾಜಶಾಸ್ತ್ರದಲ್ಲಿ ಇಷ್ಟು ದುಃಖ ಕೊಡೋ ದೃಶ್ಯ ಇನ್ನೊಂದು ಸಿಕ್ಕಿಲ್ಲ.

ಇಲ್ಲಿ ಯಾರು ದಂಗೆ ಎದ್ರು? ಯಾರೂ ಇಲ್ಲ. ಯಾರು ಕಾನೂನು ಬದಲಾಯಿಸಿದ್ರು? ಯಾರೂ ಇಲ್ಲ. ಒಬ್ಬೊಬ್ಬ ಹುಡುಗಿ ತನ್ನ ಬದುಕಿಗೆ ಸ್ವಲ್ಪ ಒಳ್ಳೇದು ಅನ್ಸಿದ್ದನ್ನ ಆರಿಸ್ಕೊಂಡ್ಲು, ಅಷ್ಟೇ, ಆ ಆಯ್ಕೆಗಳು ಸೇರಿ ಶತಮಾನಗಳಿಂದ ನಡ್ಕೊಂಡು ಬಂದಿದ್ದ ಒಂದು ವ್ಯವಸ್ಥೆಯ ಬೆನ್ನೆಲುಬು ಮುರೀತು. ವಾರಸುದಾರರ ಹ್ಯಾಬಿಟಸ್ ಬದಲಾಗಲೇ ಇಲ್ಲ, ಅವರ ಸುತ್ತಲಿನ ಜಗತ್ತು ಬದಲಾಯ್ತು, ಆಮೇಲೆ ಎರಡೂ ಒಂದಕ್ಕೊಂದು ಹೊಂದಲಿಲ್ಲ. ಈ ಹೊಂದದೇ ಇರೋದಕ್ಕೆ ಬೋರ್ದ್ಯೂ ಮುಂದೆ ಹಿಸ್ಟೆರಿಸಿಸ್ ಅಂತ ಕರೆದ್ರು, ಬದಲಾವಣೆಯ ಒಂದು ಮುಖ್ಯ ಬಾಗಿಲು ಇದೇ: ಪರಿಸ್ಥಿತಿ ಮುಂದೆ ಹೋಗಿ ಮೈಯೊಳಗಿನ ಒಲವು ಹಿಂದೆ ಉಳಿದಾಗ, ಇಷ್ಟು ದಿನ ಸಹಜ ಅನ್ಸಿದ್ದು ಸಹಜ ಅನ್ಸೋದು ನಿಲ್ಲುತ್ತೆ. ಕೆಲವರು ಕುಣಿಯೋ ಜಾಗದ ಅಂಚಲ್ಲಿ ನಿಂತುಬಿಡ್ತಾರೆ, ಕೆಲವರು ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ, ಯಾರು ಯಾವ ಕಡೆ ಹೋಗ್ತಾರೆ ಅನ್ನೋದಕ್ಕೆ ಬೋರ್ದ್ಯೂ ಹತ್ರ ಒಳ್ಳೇ ಉತ್ತರ ಇಲ್ಲ ಅಂತ ನನ್ನ ಅಭಿಪ್ರಾಯ.

ಸೀವೆಲ್ ಬರೋದು ಇಲ್ಲಿಗೆ. 1992ರಲ್ಲಿ ಅವರು ಬರೆದ ಒಂದು ಲೇಖನ ಇದೆ, ಇಡೀ ಚರ್ಚೆಯಲ್ಲಿ ಒಂದೇ ಒಂದು ಓದ್ತೀನಿ ಅನ್ನೋರಿಗೆ ನಾನು ಅದನ್ನೇ ಹೇಳೋದು. ಅವರು ಕೇಳೋದು, ಸಮಾಜಕ್ಕೆ ಒಂದೇ ಸ್ಟ್ರಕ್ಚರ್ ಇದೆ ಅಂತ ನಿಮಗೆ ಯಾರು ಹೇಳಿದ್ರು? ಮನೆ, ಶಾಲೆ, ಧರ್ಮ, ಮಾರುಕಟ್ಟೆ, ಸರ್ಕಾರ, ಸ್ನೇಹಿತರ ಗುಂಪು ಒಂದೊಂದಕ್ಕೂ ಅದರದೇ ತರ್ಕ ಇದೆ, ಅವು ಒಂದಕ್ಕೊಂದು ಹೊಂದ್ಕೊಂಡೇ ಇರಬೇಕು ಅಂತ ಏನಿಲ್ಲ, ಎಷ್ಟೋ ಸಲ ಡಿಕ್ಕಿ ಹೊಡೀತವೆ. ಮನುಷ್ಯ ಈ ಎಲ್ಲದರೊಳಗೂ ಓಡಾಡ್ತಾನೆ, ಒಂದರಲ್ಲಿ ಕಲಿತ ರೀತಿಯನ್ನ ಇನ್ನೊಂದಕ್ಕೆ ಹೊತ್ಕೊಂಡು ಹೋಗ್ತಾನೆ. ಅಲ್ಲಿಗೆ ನಿಮ್ಮ ಮೊದಲ ಪ್ರಶ್ನೆ ಕರಗುತ್ತೆ. ಹೊಸದು ಬರೋಕೆ ಸಮಾಜದ ಹೊರಗಿನ ಯಾವುದೋ ಶುದ್ಧ ಸ್ವಾತಂತ್ರ್ಯ ಬೇಕಾಗಿಲ್ಲ, ನಮ್ಮೊಳಗಿರೋದೆಲ್ಲಾ ಸಮಾಜ ಕೊಟ್ಟಿದ್ದೇ ಇರಲಿ, ಆದ್ರೆ ಕೊಟ್ಟಿದ್ದು ಒಂದೇ ಕೈ ಅಲ್ಲ, ಹಲವು ಕೈಗಳು, ಹಲವು ಹೊತ್ತಲ್ಲಿ, ಒಂದಕ್ಕೊಂದು ತಾಳೆ ಆಗದ ಹಾಗೆ ಕೊಟ್ಟಿದಾವೆ. ಇನ್ನೊಂದು, ಸಂಪನ್ಮೂಲಗಳಿಗೆ ಒಂದೇ ಅರ್ಥ ಇರಲ್ಲ. ಒಂದೇ ವಸ್ತು, ಒಂದೇ ಕಟ್ಟಡ, ಒಂದೇ ಜನಸಂದಣಿ ಇನ್ನೊಂದು ಕಣ್ಣಿಗೆ ಇನ್ನೊಂದು ಉಪಯೋಗಕ್ಕೆ ಕಾಣುತ್ತೆ.

ಇದು ಬರೀ ಮಾತಾಗಿ ಉಳೀಬಾರದು ಅಂತ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಬಸ್ ಬಹಿಷ್ಕಾರ (ಬಸ್ಸಲ್ಲಿ ಕರಿಯರನ್ನ ಬೇರೆ ಕೂರಿಸೋ ನಿಯಮದ ವಿರುದ್ಧ ಅವರು ಬಸ್ ಹತ್ತೋದನ್ನೇ ನಿಲ್ಲಿಸಿದ್ದು) ತಗೋತೀನಿ, ನಿಮ್ಮ ಮೂರನೇ ಪ್ರಶ್ನೆಗೂ ಅದರಲ್ಲೇ ಅರ್ಧ ಉತ್ತರ ಇದೆ. ಎಲ್ಲರಿಗೂ ಗೊತ್ತಿರೋ ಕಥೆ, 1955ರ ಡಿಸೆಂಬರ್ 1ರಂದು ದಣಿದ ಒಬ್ಬ ಕರಿಯ ದರ್ಜಿ ಹೆಂಗಸು, ರೋಸಾ ಪಾರ್ಕ್ಸ್, ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲ್ಲ ಅಂದ್ಲು, ಅಲ್ಲಿಂದ ಎಲ್ಲಾ ಶುರು ಆಯ್ತು. ಈ ಕಥೆ ಒಂಟಿ ವ್ಯಕ್ತಿಯ ಧೈರ್ಯದ ಕಥೆ ಆಗಿ ತುಂಬಾ ಚೆನ್ನಾಗಿದೆ, ವಿವರಣೆಯಾಗಿ ತುಂಬಾ ಸೋಲುತ್ತೆ. ಯಾಕಂದ್ರೆ ಅದೇ ಊರಲ್ಲಿ ಅದೇ ವರ್ಷ ಮಾರ್ಚ್ 2ರಂದು ಕ್ಲೋಡೆಟ್ ಕಾಲ್ವಿನ್ ಅನ್ನೋ 15 ವರ್ಷದ ಹುಡುಗಿ ಅದನ್ನೇ ಮಾಡಿದ್ಲು, ಅವಳನ್ನೂ ಬಂಧಿಸಿದ್ರು, ಆಗ ಬಹಿಷ್ಕಾರ ಆಗಲಿಲ್ಲ. ಧೈರ್ಯದಲ್ಲಿ ಆ ಹುಡುಗಿ ಯಾವ ರೀತಿಯಲ್ಲೂ ಕಮ್ಮಿ ಇರಲಿಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ಪಾರ್ಕ್ಸ್ 1943ರಿಂದ, ಕರಿಯರ ಹಕ್ಕುಗಳಿಗಾಗಿ ಹೋರಾಡೋ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಶಾಖೆಯ ಕಾರ್ಯದರ್ಶಿ ಆಗಿ ಕೆಲಸ ಮಾಡಿದ್ರು, 1955ರ ಬೇಸಿಗೆಯಲ್ಲಿ ಹೈಲ್ಯಾಂಡರ್ ಅನ್ನೋ ಶಾಲೆಯಲ್ಲಿ ಸಂಘಟನೆಯ ತರಬೇತಿಗೆ ಹೋಗಿ ಬಂದಿದ್ರು, ಊರಿನ ಮೇಲ್ವರ್ಗದ ಕರಿಯರಿಗೂ ಬಡವರಿಗೂ ಇಬ್ಬರಿಗೂ ಗೌರವ ಇದ್ದ ಹೆಸರು ಅವರದು. ಕಾಲೇಜಲ್ಲಿ ಪಾಠ ಮಾಡ್ತಿದ್ದ ಜೋ ಆನ್ ರಾಬಿನ್ಸನ್ ಮತ್ತೆ ಅವರ ಮಹಿಳಾ ಮಂಡಳಿ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದು ಬಹಿಷ್ಕಾರದ ಎಚ್ಚರಿಕೆ ಕೊಟ್ಟಿತ್ತು. ಅಂದ್ರೆ ಯೋಜನೆ ತಯಾರಿತ್ತು, ಸಂದರ್ಭಕ್ಕೆ ಕಾಯ್ತಿತ್ತು. ಬಂಧನದ ರಾತ್ರಿ ರಾಬಿನ್ಸನ್ ಕಾಲೇಜಿನ ನಕಲು ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದ್ರು. ಪಾಠದ ಕಾಗದ ತೆಗೆಯೋ ಯಂತ್ರ ಒಂದು ರಾತ್ರಿಯಲ್ಲಿ ಚಳವಳಿಯ ಮುದ್ರಣಾಲಯ ಆಯ್ತು ನೋಡಿ. ಚರ್ಚುಗಳನ್ನ ಕಟ್ಟಿದ್ದು ಪ್ರಾರ್ಥನೆಗೆ, ಅವು ಸಭೆ ಸೇರೋ ಜಾಗ ಆದ್ವು, ಹಣ ಕೂಡಿಸೋ ಖಜಾನೆ ಆದ್ವು, ಕಾರ್ ಪೂಲ್ ನಡೆಸೋ ಆಫೀಸ್ ಆದ್ವು. ಸುಮಾರು 300 ಕಾರುಗಳ ಆ ವ್ಯವಸ್ಥೆನೂ ಶೂನ್ಯದಿಂದ ಬಂದಿದ್ದಲ್ಲ, 1953ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ನಡೆದ ಬಹಿಷ್ಕಾರದಿಂದ ಕಲಿತಿದ್ದು. ಸೀವೆಲ್ ಹೇಳೋ ಒಂದು ಕಡೆಯದನ್ನ ಇನ್ನೊಂದು ಕಡೆಗೆ ಸಾಗಿಸೋದು ಅಂದ್ರೆ ಇದೇ.

ಇದಕ್ಕಿಂತ ಆಳದ ಮಾತು ಇನ್ನೂ ಇದೆ. ಆ ಊರಿನ ಬಸ್ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕರಿಯರು. ಯಾಕೆ? ಬಡತನ, ಕಾರ್ ಕೊಳ್ಳೋಕೆ ಆಗಲ್ಲ, ಕೆಲಸದ ಜಾಗ ದೂರ. ಯಾವ ಅಸಮಾನತೆ ಅವರನ್ನ ಬಸ್ಸಿಗೆ ಕಟ್ಟಿ ಹಾಕಿತ್ತೋ ಅದೇ ಅಸಮಾನತೆ ಬಸ್ ಕಂಪನಿಯನ್ನ ಅವರ ದುಡ್ಡಿಗೆ ಕಟ್ಟಿ ಹಾಕಿತ್ತು. ಅವಲಂಬನೆ ಎರಡೂ ಕಡೆ ಇತ್ತು, ಒಂದು ಕಡೆಯದು ದಿನಾ ಕಾಣ್ತಿತ್ತು, ಇನ್ನೊಂದು ಕಡೆಯದು ಜನ ಹತ್ತೋದು ನಿಲ್ಲಿಸಿದ ದಿನವೇ ಕಂಡಿದ್ದು. ಇನ್ನೊಂದು ವಿಷಯ ಕೇಳಿ. ಊರಿನ ಎಷ್ಟೋ ಬಿಳಿ ಗೃಹಿಣಿಯರು ತಮ್ಮ ಮನೆಗೆಲಸದ ಹೆಂಗಸರನ್ನ ತಾವೇ ಕಾರಲ್ಲಿ ಕರ್ಕೊಂಡು ಬರೋಕೆ ಶುರು ಮಾಡಿದ್ರು, ಯಾಕಂದ್ರೆ ಮನೆ ಕೆಲಸ ನಡೀಬೇಕಲ್ಲ, ಮೇಯರ್ ಬಹಿರಂಗವಾಗಿ ಅದನ್ನ ನಿಲ್ಲಿಸಿ ಅಂತ ಹೇಳಬೇಕಾಯ್ತು. ಜನಾಂಗದ ಸ್ಟ್ರಕ್ಚರ್ ಒಂದು ಹೇಳ್ತಿತ್ತು, ಮನೆಯೊಳಗಿನ ಶ್ರಮದ ಸ್ಟ್ರಕ್ಚರ್ ಇನ್ನೊಂದು ಹೇಳ್ತಿತ್ತು, ಎರಡೂ ಡಿಕ್ಕಿ ಹೊಡೆದ ಜಾಗದಲ್ಲಿ ಬಹಿಷ್ಕಾರಕ್ಕೆ ಉಸಿರು ಸಿಕ್ಕಿತು. 381 ದಿನ ನಡೀತು. 1956ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಬಸ್ಸಿನ ಪ್ರತ್ಯೇಕತೆ ಅಸಾಂವಿಧಾನಿಕ ಅನ್ನೋ ತೀರ್ಪನ್ನ ಎತ್ತಿಹಿಡೀತು, ಆ ಕೇಸು ಹಾಕಿದ ನಾಲ್ಕು ಹೆಂಗಸರಲ್ಲಿ ಒಬ್ಬಳು ಕ್ಲೋಡೆಟ್ ಕಾಲ್ವಿನ್. ಮಾರ್ಚ್ ತಿಂಗಳ ಅವಳ ಕೆಲಸ ವ್ಯರ್ಥ ಆಗಿರಲಿಲ್ಲ, ಅದು ಬೇರೆ ದಾರಿಯಲ್ಲಿ ಬಂದು ಸೇರಿತು.

ಏಜೆನ್ಸಿ ಬಗ್ಗೆ ಬರೆಯೋ ಎಳೆಯರ ಪ್ರಬಂಧಗಳಲ್ಲಿ ನಾನು ಪದೇ ಪದೇ ನೋಡೋ ಒಂದು ತಪ್ಪು ಇಲ್ಲೇ ಹೇಳಬೇಕು, ಏಜೆನ್ಸಿ ಅಂದ್ರೆ ಪ್ರತಿರೋಧ ಅಂತ ಸಮೀಕರಣ ಮಾಡ್ಬಿಡೋದು. ನಿಯಮ ಪಾಲಿಸೋಕೂ ಬುದ್ಧಿ ಬೇಕು, ಜಾಣತನ ಬೇಕು, ಅದೂ ಏಜೆನ್ಸಿನೇ, ಬಹುಪಾಲು ಏಜೆನ್ಸಿ ಖರ್ಚಾಗೋದು ಇದ್ದದ್ದನ್ನ ಇದ್ದ ಹಾಗೆ ಇಡೋದಕ್ಕೆ. ಇನ್ನೂ ಕಷ್ಟದ ವಿಷಯ, ಪ್ರತಿರೋಧಾನೇ ಹಳೇ ವ್ಯವಸ್ಥೆಯನ್ನ ಗಟ್ಟಿ ಮಾಡಬಹುದು. ಬ್ರಿಟಿಷ್ ಸಂಶೋಧಕ ಪಾಲ್ ವಿಲ್ಲಿಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲೆಂಡಿನ ಒಂದು ಕೈಗಾರಿಕಾ ಊರಿನ 12 ಕಾರ್ಮಿಕ ಕುಟುಂಬದ ಹುಡುಗರಿದಾರೆ. ಅವರು ಶಾಲೆಗೆ ಬಗ್ಗಲ್ಲ, ಮೇಷ್ಟ್ರನ್ನ ಕಿಚಾಯಿಸ್ತಾರೆ, ಓದೋ ಹುಡುಗರನ್ನ ಹೀಯಾಳಿಸ್ತಾರೆ. ಶಾಲೆ ಕೊಡೋ ಭರವಸೆ, ಅಂದ್ರೆ ಓದಿದ್ರೆ ಎಲ್ಲರೂ ಮೇಲೆ ಬರ್ತಾರೆ ಅನ್ನೋದು, ತಮ್ಮ ವರ್ಗಕ್ಕೆ ಒಟ್ಟಾಗಿ ಸುಳ್ಳು ಅಂತ ಅವರು ಸರಿಯಾಗೇ ಕಂಡುಹಿಡಿದಿದಾರೆ, ಎಷ್ಟೋ ಶಿಕ್ಷಣ ತಜ್ಞರಿಗಿಂತ ಸ್ಪಷ್ಟವಾಗಿ. ಆದ್ರೆ ಬುದ್ಧಿ ಕೆಲಸ ಹೆಣ್ಣಿಗರ ಕೆಲಸ, ಮೈಮುರಿಯೋ ಕೆಲಸವೇ ಗಂಡಸಿಗೆ ತಕ್ಕದ್ದು ಅನ್ನೋ ಹೆಮ್ಮೆ ಅದರ ಜೊತೆ ಬೆರೆತಿದೆ, ಆ ಹೆಮ್ಮೆ ಅವರನ್ನ ನೇರವಾಗಿ ತಂದೆಯರ ಫ್ಯಾಕ್ಟರಿಗೆ ತಲುಪಿಸುತ್ತೆ, ಅದೂ ಖುಷಿಯಿಂದ. ಸ್ಟ್ರಕ್ಚರ್ ಗೆದ್ದಿದ್ದು ಅವರ ಬಂಡಾಯದ ಮೂಲಕ. ಅವರು ಶಾಲೆಯ ವಿರುದ್ಧ ಹೊತ್ಕೊಂಡು ಹೋದ ಸರಕು ಎಲ್ಲಿಂದ ಬಂದಿದ್ದು ಅಂತ ನೋಡಿ, ಕಾರ್ಖಾನೆಯ ನೆಲದಿಂದ, ಗಂಡಸುತನದ ಹಳೇ ಪಾಠದಿಂದ. ಮಾಂಟ್‌ಗೊಮರಿಯಲ್ಲಿ ಅದೇ ಸಾಗಣೆ ಬಾಗಿಲು ತೆರೀತು, ಇಲ್ಲಿ ಮುಚ್ಚಿತು, ಪ್ರಕ್ರಿಯೆ ಎರಡು ಕಡೆನೂ ಒಂದೇ.

ಫ್ರೆಂಚ್ ಕ್ರಾಂತಿ ಬಗ್ಗೆ ಸೀವೆಲ್ 1996ರಲ್ಲಿ ಬರೆದಿದ್ದನ್ನೂ ಬೇಗ ಹೇಳಿಬಿಡ್ತೀನಿ. 1789ರ ಜುಲೈ 14ರಂದು ಪ್ಯಾರಿಸ್ ಜನ ಬಾಸ್ಟಿಲ್ ಅನ್ನೋ ಕೋಟೆ ಜೈಲಿನ ಕಡೆ ಹೋಗಿದ್ದು ಸಿಡಿಮದ್ದು ಬೇಕು ಅಂತ, ಆ ಬೆಳಿಗ್ಗೆ ಬೇರೆ ಕಡೆ ಕೋವಿ ಸಿಕ್ಕಿತ್ತು, ಮದ್ದು ಇರಲಿಲ್ಲ. ಒಳಗೆ ಇದ್ದ ಕೈದಿಗಳು 7 ಜನ ಅಷ್ಟೇ. ಆ ಹೊತ್ತಿಗೆ ಖಜಾನೆ ಬರಿದಾಗಿತ್ತು, ಬ್ರೆಡ್ಡಿನ ಬೆಲೆ ಏರಿತ್ತು, ದೊರೆ ಸೈನ್ಯ ಕೂಡಿಸಿದ್ದ, ಅಂದ್ರೆ ಹಲವು ಸ್ಟ್ರಕ್ಚರ್‌ಗಳು ಒಟ್ಟಿಗೆ ಬಿರುಕು ಬಿಟ್ಟಿದ್ವು. ಆದ್ರೆ ಆ ಗಲಭೆ "ಕ್ರಾಂತಿ" ಆಗಿದ್ದು ಮುಂದಿನ ಕೆಲವು ದಿನಗಳಲ್ಲಿ, ರಾಷ್ಟ್ರೀಯ ಸಭೆಯಲ್ಲಿ ಕೂತೋರು ಭಯದಿಂದ ಶುರು ಮಾಡಿ ಆಮೇಲೆ ಇದು ಜನರ ಸಾರ್ವಭೌಮ ಇಚ್ಛೆಯ ಕೆಲಸ ಅಂತ ಅರ್ಥ ಕೊಟ್ಟಾಗ. ಬೀದಿಯ ಹಿಂಸೆ ಮತ್ತೆ ತತ್ವಶಾಸ್ತ್ರದ ಒಂದು ವಿಚಾರ, ಇವೆರಡು ಅಲ್ಲಿವರೆಗೆ ಒಟ್ಟಿಗೆ ಸೇರಿರಲಿಲ್ಲ. ಘಟನೆ ಮುಗಿದ ಮೇಲೂ ಅದರ ಅರ್ಥಕ್ಕಾಗಿ ನಡೆಯೋ ಜಗಳ ಘಟನೆಯದೇ ಭಾಗ, ಡೇಟಾ ಸಂಗ್ರಹ ಮಾಡುವಾಗ ಇದನ್ನ ಮರೀಬೇಡಿ.

ಒಬ್ಬ ವ್ಯಕ್ತಿಗೆ ತೂಕ ಇದೆಯಾ ಅಂದ್ರಿ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರನೋವೆಟರ್ 1978ರಲ್ಲಿ ಕೊಟ್ಟ ಒಂದು ಲೆಕ್ಕ ಇದಕ್ಕೆ ನನಗೆ ತಿಳಿದ ಅತ್ಯಂತ ನೇರ ಉತ್ತರ. ಚೌಕದಲ್ಲಿ 100 ಜನ ಇದಾರೆ. ಒಬ್ಬ ಯಾರೂ ಇಲ್ಲದಿದ್ರೂ ಕಲ್ಲು ಎಸೀತಾನೆ, ಇನ್ನೊಬ್ಬ 1 ಜನ ಎಸೆದ್ರೆ ತಾನೂ ಎಸೀತಾನೆ, ಮತ್ತೊಬ್ಬ 2 ಜನ ಎಸೆದ್ರೆ, ಹೀಗೇ 99ರವರೆಗೆ. ಮೊದಲನೇಯವನು ಎಸೆದ, ಎರಡನೇಯವನು ಸೇರಿದ, ಕೊನೆಗೆ 100 ಜನಾನೂ ದೊಂಬಿಗೆ ಇಳಿದ್ರು. ಈಗ ಒಂದೇ ಒಂದು ಬದಲಾವಣೆ ಮಾಡಿ, 1 ಜನಕ್ಕೆ ಸೇರ್ತಿದ್ದವನ ಜಾಗಕ್ಕೆ 2 ಜನ ಆದ್ರೆ ಸೇರೋನನ್ನ ತನ್ನಿ. ಒಬ್ಬ ಕಲ್ಲು ಎಸೆದು ಒಂಟಿಯಾಗಿ ನಿಲ್ತಾನೆ, ಅಲ್ಲಿಗೆ ಮುಗೀತು. ಎರಡೂ ಗುಂಪಿನ ಜನರ ಮನಸ್ಸು ಹೆಚ್ಚುಕಮ್ಮಿ ಒಂದೇ, ಪತ್ರಿಕೆಗಳು ಮಾತ್ರ ಒಂದನ್ನ ಉಗ್ರ ಜನಸ್ತೋಮ ಅಂತಲೂ ಇನ್ನೊಂದನ್ನ ಒಬ್ಬ ತಲೆಕೆಟ್ಟವನ ಕೆಲಸ ಅಂತಲೂ ಬರೀತವೆ. ಆದ್ದರಿಂದ ಒಬ್ಬನ ತೂಕ ಅವನೊಳಗೇ ಇರೋ ಗುಣ ಅಲ್ಲ, ಅವನು ನಿಂತಿರೋ ಸಾಲಿನ ಗುಣ. ಅದೇ ಮನುಷ್ಯ ಒಂದು ಸಾಲಲ್ಲಿ ಏನೂ ಅಲ್ಲ, ಇನ್ನೊಂದರಲ್ಲಿ ಎಲ್ಲಾನೂ. ಯಾವ ಸಾಲು ಅಂತ ಮುಂಚೆ ಅವನಿಗೇ ಗೊತ್ತಿರಲ್ಲ, ಯಾಕಂದ್ರೆ ಪಕ್ಕದವನು ಎಷ್ಟು ಜನಕ್ಕೆ ಕಾಯ್ತಿದಾನೆ ಅನ್ನೋದು ಮುಖ ನೋಡಿದ್ರೆ ತಿಳಿಯಲ್ಲ. ಎರಡನೇ ಸ್ಥಾನದಲ್ಲಿ ನಿಲ್ಲೋನ ಬಗ್ಗೆ ನಮ್ಮ ಚರಿತ್ರೆ ಪುಸ್ತಕಗಳು ಬರೆಯೋದು ತೀರಾ ಕಮ್ಮಿ ಅನ್ನೋದು ನನ್ನ ಕೊರಗು, ರಾಬಿನ್ಸನ್ ಥರದೋರು ಎಷ್ಟು ಜನಕ್ಕೆ ಗೊತ್ತು ಹೇಳಿ.

ಈಗ ಥಿಯರಿ ಅಧ್ಯಾಯ. ದಯವಿಟ್ಟು ಗಿಡೆನ್ಸ್, ಬೋರ್ದ್ಯೂ, ಆರ್ಚರ್ ಮೂವರನ್ನೂ ಒಂದೊಂದು ಪುಟ ಬರೆದು ಕೊನೆಗೆ ಎಲ್ಲರೂ ಒಂದೇ ಹೇಳ್ತಾರೆ ಅಂತ ಮುಗಿಸಬೇಡಿ, ಅವರು ಒಂದೇ ಹೇಳಲ್ಲ. ಸ್ಟ್ರಕ್ಚರ್ ಜನರ ಆಚರಣೆಯಿಂದ ಬೇರೆಯಾಗಿ ಇರಬಲ್ಲದಾ ಅನ್ನೋದ್ರಲ್ಲಿ ಗಿಡೆನ್ಸ್ ಮತ್ತೆ ಆರ್ಚರ್ ಎದುರು ಬದುರು ನಿಂತಿದಾರೆ, ಇಬ್ಬರಲ್ಲಿ ಒಬ್ಬರನ್ನ ಆರಿಸಲೇಬೇಕು. ಆರ್ಚರ್ ಬೋರ್ದ್ಯೂ ಜೊತೆಗೂ ಜಗಳ ಆಡಿದಾರೆ, ಜನ ಒಳಗೊಳಗೇ ತಮ್ಮ ಜೊತೆ ತಾವು ನಡೆಸೋ ಮಾತುಕತೆಗೆ ಹ್ಯಾಬಿಟಸ್ ಜಾಗ ಕೊಡಲ್ಲ ಅನ್ನೋದು ಅವರ ದೂರು, ಅದರಲ್ಲಿ ನಿಜ ಇದೆ ಆದ್ರೆ ಮೈಯೊಳಗೆ ಮಾತಿಲ್ಲದೆ ಇಳಿದಿರೋದನ್ನ ಅವರು ತುಂಬಾ ಹಗುರವಾಗಿ ತಗೋತಾರೆ ಅಂತ ನನಗನ್ಸುತ್ತೆ. ನಿಮ್ಮ ಹತ್ರ ಇರೋದು ಸಂದರ್ಶನಗಳು, ರುಚಿ, ಮುಜುಗರ, ನಡವಳಿಕೆ ಆಗಿದ್ರೆ ಬೋರ್ದ್ಯೂ ಹಿಡೀರಿ. ಹಲವು ವರ್ಷಗಳ ದಾಖಲೆ ಇದೆ, ಯಾವ ನಿಯಮ ಯಾವಾಗ ಬಂತು ಅಂತ ದಿನಾಂಕ ಹಾಕಬಲ್ಲಿರಿ ಅಂದ್ರೆ ಆರ್ಚರ್. ಒಂದು ಮುಷ್ಕರ, ಒಂದು ಗಲಭೆ, ಒಂದು ತಿರುವು ನಿಮ್ಮ ವಿಷಯ ಆಗಿದ್ರೆ ಸೀವೆಲ್, ಜೊತೆಗೆ ಗ್ರನೋವೆಟರ್. ಗಿಡೆನ್ಸ್ ಮೇಲೆ ಪೂರ್ತಿ ಅಧ್ಯಾಯ ಕಟ್ಟೋದು ಬೇಡ, ಆದ್ರೆ ಜನರಿಗೆ ತಮ್ಮ ಸಮಾಜದ ಬಗ್ಗೆ ತಿಳಿದಿರುತ್ತೆ ಅನ್ನೋ ಅವರ ಮಾತನ್ನ ಸಂದರ್ಶನದ ಪ್ರಶ್ನೆಪಟ್ಟಿ ಬರೆಯುವಾಗ ಎದುರಿಗಿಟ್ಕೊಳ್ಳಿ. "ನೀವು ಯಾಕೆ ಹೀಗೆ ಮಾಡ್ತೀರಿ" ಅಂತ ಕೇಳಿದ್ರೆ ಜನ ತಯಾರಿ ಉತ್ತರ ಕೊಡ್ತಾರೆ, "ಹೀಗೆ ಮಾಡದೇ ಇದ್ದ ಯಾರಾದ್ರೂ ಗೊತ್ತಾ, ಅವರಿಗೆ ಏನಾಯ್ತು" ಅಂತ ಕೇಳಿ ನೋಡಿ, ಸ್ಟ್ರಕ್ಚರ್ ಬಗ್ಗೆ ನಿಮಗೆ ಬೇಕಾಗಿರೋದು ಆ ಉತ್ತರದಲ್ಲಿ ಬರೋ ಸಾಧ್ಯತೆ ಜಾಸ್ತಿ.